ಗ್ರನಾಡಾದ ಅಲ್ಬೈಸಿನ್: ಅಮ್ಮನ ಜೊತೆ ಅಲ್ಲೇ ಉಳಿಯಬಹುದಾ?

ಕೇಳಿದ್ದು: ಏಪ್ರಿಲ್‌ನಲ್ಲಿ ಸ್ಪೇನ್‌ಗೆ ಹೋಗುತ್ತಿದ್ದೇವೆ. ಗ್ರನಾಡಾದಲ್ಲಿ ಮೂರು ರಾತ್ರಿ. ಅಲ್ಹಂಬ್ರಾ ಕೋಟೆಯ ಎದುರಿನ ಗುಡ್ಡದ ಮೇಲಿರುವ ಹಳೇ ಕೇರಿ ಅಲ್ಬೈಸಿನ್‌ನಲ್ಲೇ ಉಳಿಯಬೇಕು ಅಂತ ಆಸೆ. ಆದರೆ ಜೊತೆಗೆ 66 ವರ್ಷದ ಅಮ್ಮ ಇದ್ದಾರೆ. ಮಂಡಿನೋವು, ಜೊತೆಗೆ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಹೋಗಿ ಬಂದವರು ಹೇಳಿ, ಆಗುತ್ತಾ?

ಒಂದನೇ ಉತ್ತರ: ಖಂಡಿತ ಆಗುತ್ತೆ. ಆದರೆ ಮನೆ ಗುಡ್ಡದ ಯಾವ ಎತ್ತರದಲ್ಲಿದೆ ಅನ್ನುವುದೇ ಎಲ್ಲಾ. ನಾವು ಅತ್ತೆಯವರನ್ನು ಕರೆದುಕೊಂಡು ಹೋದಾಗ ಫೋಟೋದಲ್ಲಿ ಕೋಟೆ ಕಂಡಿತು ಅಂತ ತುದಿಯ ಹತ್ತಿರ ಮನೆ ಹಿಡಿದೆವು. ಟ್ಯಾಕ್ಸಿ ಒಂದು ಮೂಲೆಯಲ್ಲಿ ನಿಂತಿತು, ಅಲ್ಲಿಂದಾಚೆ ಮೆಟ್ಟಿಲು. ಓಣಿಗಳಿಗೆ ನದಿಯ ಉರುಟು ಕಲ್ಲುಗಳನ್ನು ಒತ್ತೊತ್ತಾಗಿ ನೆಟ್ಟಿದ್ದಾರೆ, ಕೆಲವು ಕಡೆ ಕಪ್ಪು ಬಿಳುಪಿನಲ್ಲಿ ಹೂವಿನ ಚಿತ್ತಾರ. ನೋಡಲು ನಮ್ಮ ರಂಗೋಲಿಯ ಹಾಗೆ ಚೆಂದ. ಸೂಟ್‌ಕೇಸಿನ ಚಕ್ರಕ್ಕೆ ಮಾತ್ರ ಶತ್ರು, ಮಳೆ ಬಿದ್ದರೆ ಜಾರುತ್ತೆ. ಅಮ್ಮನಿಗೆ ಹಿಡಿತವಿರುವ ರಬ್ಬರ್ ಅಟ್ಟೆಯ ಶೂ ಕೊಡಿಸಿ, ಚಪ್ಪಲಿ ಬೇಡ. ಬುಕ್ ಮಾಡುವ ಮೊದಲು ಮನೆಯವರಿಗೆ ಎರಡೇ ಪ್ರಶ್ನೆ ಕೇಳಿ: ಟ್ಯಾಕ್ಸಿ ಎಲ್ಲಿವರೆಗೆ ಬರುತ್ತೆ, ಅಲ್ಲಿಂದ ಎಷ್ಟು ಮೆಟ್ಟಿಲು.

ಇಷ್ಟಾದರೂ ಅಲ್ಲೇ ಉಳಿಯಿರಿ ಅಂತಲೇ ಹೇಳುತ್ತೇನೆ. ಸಂಜೆ ಕೋಟೆ ನೋಡಲು ಎಲ್ಲರೂ ಸೇರುವ ಸಾನ್ ನಿಕೊಲಾಸ್ ಕಟ್ಟೆಯ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಬೆಳಗ್ಗೆ ಎಂಟಕ್ಕೆ ಹೋದರೆ ಅದೇ ಕಟ್ಟೆಯಲ್ಲಿ ನೀವು, ಎದುರಿಗೆ ಅಲ್ಹಂಬ್ರಾ, ಅದರ ಹಿಂದೆ ಸಿಯೆರಾ ನೆವಾಡಾ ಬೆಟ್ಟಗಳ ಹಿಮ. ಅಲ್ಲಿಂದ ಪ್ಲಾಸಾ ಲಾರ್ಗಾ ಅನ್ನುವ ಚೌಕಕ್ಕೆ ಐದು ನಿಮಿಷ. ಹಣ್ಣಿನಂಗಡಿ, ಕಾಫಿ, ಮಾತಾಡಿಕೊಂಡು ನಿಂತ ಅಜ್ಜಿಯರು. ಪಕ್ಕದಲ್ಲೇ ಹಳೇ ಊರಗೋಡೆಯ ಬಾಗಿಲು, ಆರ್ಕೊ ದೆ ಲಾಸ್ ಪೇಸಾಸ್, ಅಂದರೆ ತೂಕದ ಬಾಗಿಲು. ಮೋಸ ಮಾಡಿದ ವ್ಯಾಪಾರಿಗಳಿಂದ ಕಿತ್ತುಕೊಂಡ ತೂಕದ ಕಲ್ಲುಗಳನ್ನು ಅಲ್ಲಿ ಎಲ್ಲರಿಗೂ ಕಾಣುವ ಹಾಗೆ ನೇತುಹಾಕುತ್ತಿದ್ದರಂತೆ.

ಬಿಳಿ ಗೋಡೆಗಳ ಹಿಂದೆ ದಾಳಿಂಬೆ, ದ್ರಾಕ್ಷಿ ಬಳ್ಳಿಯ ತೋಟವಿರುವ ಮನೆಗಳಿಗೆ ಕಾರ್ಮೆನ್ ಅನ್ನುತ್ತಾರೆ. ಅದು ದ್ರಾಕ್ಷಿ ಬಳ್ಳಿ ಅನ್ನುವ ಅರ್ಥದ ಅರಬ್ಬಿ ಪದದಿಂದ ಬಂದ ಹೆಸರು. 1492ರಲ್ಲಿ ಊರು ಮುಸ್ಲಿಂ ದೊರೆಗಳಿಂದ ಕ್ಯಾಥೊಲಿಕ್ ದೊರೆಗಳ ಕೈಸೇರಿತು. 1568ರ ದಂಗೆಯ ನಂತರ ಇಲ್ಲಿನ ಮೊರಿಸ್ಕೊ ಜನರನ್ನು, ಅಂದರೆ ಕ್ರೈಸ್ತರಾಗಿ ಮತಾಂತರಗೊಂಡ ಮುಸ್ಲಿಮರನ್ನು, ಹೊರಹಾಕಿದರು. ಖಾಲಿಯಾದ ಪುಟ್ಟ ಮನೆಗಳನ್ನು ಸೇರಿಸಿಕೊಂಡು ಎಷ್ಟೋ ತೋಟಗಳು ಬೆಳೆದವು. ಇದು ಗೊತ್ತಾದ ಮೇಲೆ ಆ ಎತ್ತರದ ಗೋಡೆಗಳ ಪಕ್ಕ ಸುಮ್ನೆ ನಡೆದು ಹೋಗಲು ನನಗೆ ಆಗಲಿಲ್ಲ.

ಎರಡನೇ ಉತ್ತರ: ಮಂಡಿನೋವು ಅಂದಿರಲ್ಲ, ನೀವು ಗುಡ್ಡದ ಬುಡದಲ್ಲಿ ಮನೆ ನೋಡಿ. ಪ್ಲಾಸಾ ನುಯೆವಾ ಚೌಕದಿಂದ ದಾರ್ರೊ ಹೊಳೆಯ ಪಕ್ಕ ಹೋಗುವ ಕರ್ರೆರಾ ದೆಲ್ ದಾರ್ರೊ ಬೀದಿ ಹೆಚ್ಚುಕಡಿಮೆ ಸಮತಟ್ಟು. ಅದೂ ಅಲ್ಬೈಸಿನ್ನೇ. 11ನೇ ಶತಮಾನದ ಸ್ನಾನದ ಮನೆ ಎಲ್ ಬನ್ಯುಯೆಲೊ ಅದೇ ಬೀದಿಯಲ್ಲಿದೆ. ಒಳಗೆ ನಿಂತು ತಲೆ ಎತ್ತಿದರೆ ಚಾವಣಿಯ ನಕ್ಷತ್ರದ ಕಿಂಡಿಗಳಿಂದ ಬಿಸಿಲು ಬೀಳುತ್ತೆ. ಮೇಲೆ ಹೋಗಬೇಕಾದಾಗ ಸಿ31 ಅಥವಾ ಸಿ32 ಮಿನಿ ಬಸ್ ಹತ್ತಿ. ಸಿ32 ಅಲ್ಹಂಬ್ರಾಗೂ ಹೋಗುತ್ತೆ. ಬಸ್ಸಿನಲ್ಲಿ ಮೇಲೆ ಹೋಗಿ, ನಿಧಾನಕ್ಕೆ ನಡೆದು ಇಳಿಯಬಹುದು ಅಂದುಕೊಳ್ಳಬೇಡಿ. ಮಂಡಿಗೆ ಇಳಿಯುವುದೇ ಜಾಸ್ತಿ ಕಷ್ಟ, ನಮ್ಮ ತಂದೆಯವರಿಗೆ ಹಾಗೇ ಆಯಿತು. ಅಲ್ಹಂಬ್ರಾ ಟಿಕೆಟ್ ಈಗಲೇ ತೆಗೆದಿಡಿ, ಅದರೊಳಗಿನ ನಸ್ರಿದ್ ಅರಮನೆಗಳಿಗೆ ನಿಮಗೆ ಕೊಟ್ಟ ಹೊತ್ತಿಗೇ ಹೋಗಬೇಕು. ಪಾಸ್‌ಪೋರ್ಟ್ ಕೈಯಲ್ಲಿರಲಿ.

ಮೂರನೇ ಉತ್ತರ: ಊಟದ ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ? ಗ್ರನಾಡಾದಲ್ಲಿ ಕುಡಿಯಲು ಏನಾದರೂ ತೆಗೆದುಕೊಂಡರೆ ಒಂದು ತಟ್ಟೆ ತಿಂಡಿ, ತಾಪಾ, ದುಡ್ಡಿಲ್ಲದೇ ಬರುತ್ತೆ. ಅದರಲ್ಲಿ ಸಾಮಾನ್ಯವಾಗಿ ಮಾಂಸವೋ ಮೀನೋ ಇರುತ್ತೆ. 'ಸಿನ್ ಕಾರ್ನೆ' (ಮಾಂಸ ಬೇಡ) ಅಂತ ಹೇಳಿದರೆ ಸಾಲದು, ಹಾಮೋನ್, ಅಂದರೆ ಉಪ್ಪು ಹಾಕಿ ಒಣಗಿಸಿದ ಹಂದಿ ಮಾಂಸದ ಚೂರು ಹಾಕಿಬಿಡುತ್ತಾರೆ. ಮಾಂಸ, ಹಾಮೋನ್, ಮೀನು, ಮೊಟ್ಟೆ ನಾಲ್ಕೂ ಬೇಡ ಅಂತ ಸ್ಪ್ಯಾನಿಷ್‌ನಲ್ಲಿ ಚೀಟಿ ಬರೆದಿಟ್ಟುಕೊಳ್ಳಿ. ಕಬ್ಬಿನ ಕಾಕಂಬಿ ಸುರಿದ ಕರಿದ ಬದನೆಕಾಯಿ, ಬೆರೆನ್‌ಹೇನಾಸ್ ಕೊನ್ ಮಿಯೆಲ್, ಅಮ್ಮನಿಗೆ ಹಿಡಿಸಬಹುದು. ಮೇಲಿನ ಹಿಟ್ಟಿಗೆ ಮೊಟ್ಟೆ ಹಾಕಿದ್ದಾರಾ ಅಂತ ಕೇಳಿ. ಕಾಲ್ದೆರೆರಿಯಾ ನುಯೆವಾ ಬೀದಿಯ ಚಹಾ ಅಂಗಡಿಗಳಲ್ಲಿ ಪುದೀನ ಚಹಾ ಸಿಗುತ್ತೆ. ಅಡುಗೆಮನೆ ಇರುವ ಜಾಗವನ್ನೇ ಹಿಡಿಯಿರಿ. ಅಲ್ಲಿ ರಾತ್ರಿ ಊಟ ಶುರುವಾಗುವುದೇ ಒಂಬತ್ತಕ್ಕೆ. ಅಷ್ಟು ಹೊತ್ತು ಅಮ್ಮ ಹಸಿದುಕೊಂಡು ಕೂರುವುದು ಬೇಡ.

ಕೇಳಿದವರು: ಹೊಳೆ ಪಕ್ಕದಲ್ಲಿ, ಅಡುಗೆಮನೆ ಇರುವ ಮನೆಯೊಂದು ಸಿಕ್ಕಿದೆ. ಟ್ಯಾಕ್ಸಿ ನಿಲ್ಲುವ ಕಡೆಯಿಂದ ಬಾಗಿಲಿಗೆ ಆರು ಮೆಟ್ಟಿಲಂತೆ. ಅಮ್ಮ ಆಗಲೇ ಅವಲಕ್ಕಿ ಕಟ್ಟಿಟ್ಟಿದ್ದಾರೆ.