ಸಹಾಯ ಬೇಕು: ಲ್ಯಾಬ್ ಸರ್ವರ್‌ನಲ್ಲಿ ಚೌನ್ (ಫೈಲಿನ ಒಡೆಯರನ್ನು ಬದಲಿಸುವ chown ಕಮಾಂಡ್) ಬಳಸಲು ಬಿಡಬಹುದಾ?

ಎಲ್ಲರಿಗೂ ನಮಸ್ಕಾರ. ಮಂಡ್ಯದ ಒಂದು ಕಾಲೇಜಿನ ಲಿನಕ್ಸ್ ಸರ್ವರ್ ನೋಡಿಕೊಳ್ಳುತ್ತಿದ್ದೇನೆ, ಒಬ್ಬೊಬ್ಬರಿಗೆ 5 ಜಿಬಿ ಕೋಟಾ (ಡಿಸ್ಕ್ ಜಾಗದ ಮಿತಿ). ಪ್ರಾಜೆಕ್ಟ್ ಫೈಲುಗಳನ್ನು ಟೀಮಿನವರ ಹೆಸರಿಗೆ ಮಾಡಿಕೊಡಲು ಚೌನ್ ಬಳಸಲು ಬಿಡಿ ಅಂತ ಮಕ್ಕಳು ಕೇಳುತ್ತಿದ್ದಾರೆ. ನನಗೆ ಭಯ. ಕೋಟಾ ಲೆಕ್ಕ ಬೀಳುವುದು ಫೈಲಿನ ಒಡೆಯರ ಮೇಲೆ ಅಲ್ವಾ, ಹಾಗಾಗಿ ಒಬ್ಬ ತನ್ನ ಸಿನಿಮಾಗಳನ್ನೆಲ್ಲ ಪಕ್ಕದ ಹುಡುಗಿಯ ಹೆಸರಿಗೆ ಮಾಡಿ ತನ್ನದೇ ಫೋಲ್ಡರಿನಲ್ಲಿ 700 ಪರ್ಮಿಷನ್ (ಬೇರೆ ಯಾರೂ ಒಳಗೆ ಹೋಗದಂತೆ) ಹಾಕಿ ಇಟ್ಟುಕೊಂಡರೆ, ಪಾಪ ಅವಳಿಗೆ ಅಸೈನ್‌ಮೆಂಟ್ ಸೇವ್ ಮಾಡಲೂ ಜಾಗ ಉಳಿಯುವುದಿಲ್ಲ, ಆ ಫೈಲುಗಳನ್ನು ಅಳಿಸಲೂ ಆಗುವುದಿಲ್ಲ. ಲಿನಕ್ಸ್‌ನಲ್ಲಿ ಚೌನ್ ಅಧಿಕಾರ ರೂಟ್‌ಗೆ (ಅಡ್ಮಿನ್ ಖಾತೆಗೆ) ಮಾತ್ರ ಇರುವುದು ಸುಮ್ನೆ ಅಲ್ಲ. ಬೇರೆಯವರ ಫೈಲಿಗೆ ಹಾರ್ಡ್ ಲಿಂಕ್ (ಅದೇ ಫೈಲಿಗೆ ಇನ್ನೊಂದು ಹೆಸರು) ಹಾಕಿದರೂ ಇದೇ ಕಥೆ, ಅವರು ಅಳಿಸಿದರೂ ಲೆಕ್ಕ ಅವರ ಮೇಲೇ ಉಳಿಯುತ್ತದೆ, ಅದನ್ನು ತಡೆಯಲು ಪ್ರೊಟೆಕ್ಟೆಡ್ ಹಾರ್ಡ್‌ಲಿಂಕ್ಸ್ ಎಂಬ ಸೆಟ್ಟಿಂಗ್ 1 ಮಾಡಿದ್ದೇನೆ. ಟೀಮಿಗೊಂದು ಫೋಲ್ಡರ್, ಸೆಟ್‌ಜಿಐಡಿ (ಒಳಗಿನ ಹೊಸ ಫೈಲುಗಳು ಫೋಲ್ಡರಿನ ಗ್ರೂಪಿಗೇ ಸೇರುವಂತೆ), ಮೇಲೆ ಗ್ರೂಪ್ ಕೋಟಾ ಸಾಕಾ? ಅಥವಾ ಈಎಕ್ಸ್‌ಟಿ4 ಫೈಲ್ ಸಿಸ್ಟಮ್ಮಿನ ಪ್ರಾಜೆಕ್ಟ್ ಕೋಟಾ (ಫೋಲ್ಡರಿಗೆ ಪ್ರಾಜೆಕ್ಟ್ ಐಡಿ ಕೊಟ್ಟು ಅದರ ಮೇಲೆ ಮಿತಿ) ಹಾಕಿದರೆ, ಮಕ್ಕಳೇ ಪ್ರಾಜೆಕ್ಟ್ ಐಡಿ ಬದಲಿಸದಂತೆ ತಡೆಯುವುದು ಹೇಗೆ? ಮಾಡಿ ನೋಡಿದವರು ದಯವಿಟ್ಟು ಹೇಳಿ, ಸೋಮವಾರ ಲ್ಯಾಬ್ ಶುರುವಾಗುತ್ತದೆ.