ಸಹಾಯ ಬೇಕು: ವಾಟರ್ ಕೂಲಿಂಗ್ ಹಾಕಿದರೂ ಆರ್‌ಟಿಎಕ್ಸ್ 3080 ಗ್ರಾಫಿಕ್ಸ್ ಕಾರ್ಡಿನ ವೇಗ ಮೇಲೇರುತ್ತಿಲ್ಲ

ನಮಸ್ಕಾರ, ಬದಿಯಡ್ಕದಿಂದ ಬರೆಯುತ್ತಿದ್ದೇನೆ. ಎರಡು 8-ಪಿನ್ ಪವರ್ ಕನೆಕ್ಟರ್ ಇರುವ 3080 ಕಾರ್ಡಿಗೆ ಫುಲ್ ಕವರ್ ಬ್ಲಾಕ್ (ಇಡೀ ಕಾರ್ಡನ್ನು ನೀರಿನಿಂದ ತಣಿಸುವ ಲೋಹದ ಹೊದಿಕೆ), 360 ಮಿ.ಮೀ. ರೇಡಿಯೇಟರ್ ಇದೆ. ಕೋಣೆ 32 ಡಿಗ್ರಿ ಇದ್ದರೂ ಕೋರ್ (ಮುಖ್ಯ ಚಿಪ್) 52 ದಾಟುವುದಿಲ್ಲ. ಆದರೆ ಕ್ಲಾಕ್ (ಚಿಪ್ಪಿನ ವೇಗ) 1,965 ಮೆಗಾಹರ್ಟ್ಸ್‌ಗೇ ನಿಂತುಬಿಡುತ್ತದೆ. ಜಿಪಿಯು-ಝಡ್ ಸಾಫ್ಟ್‌ವೇರ್ ತೋರಿಸುವ ಕಾರಣ ಪವರ್. ಅಂದರೆ ತಡೆ ಬಿಸಿಯದ್ದಲ್ಲ, 320 ವ್ಯಾಟ್ ಮಿತಿಯದ್ದು.

ಮೆಮೊರಿಯದ್ದು ಬೇರೆ ತಲೆನೋವು. ವೇಗವನ್ನು +1000 ಮೆಗಾಹರ್ಟ್ಸ್ ಏರಿಸಿದರೆ ಕ್ರ್ಯಾಶ್ ಇಲ್ಲ, ಆದರೆ ಬೆಂಚ್‌ಮಾರ್ಕ್ ಸ್ಕೋರ್ +700ಕ್ಕಿಂತ ಕಡಿಮೆ. ಜಿಡಿಡಿಆರ್6ಎಕ್ಸ್ ಮೆಮೊರಿ ತಪ್ಪಿದ ಡೇಟಾವನ್ನು ಹಿಡಿದು ಮತ್ತೆ ಕಳಿಸುತ್ತದೆ, ಅದರಲ್ಲೇ ವೇಗ ಸೋರಿಹೋಗುತ್ತದೆ. ಜಂಕ್ಷನ್ (ಮೆಮೊರಿ ಚಿಪ್ಪಿನೊಳಗಿನ ಬಿಸಿ) 96 ಡಿಗ್ರಿ ಇರುವುದರಿಂದ, ಆ ಬಿಸಿಯನ್ನು ಬ್ಲಾಕಿಗೆ ದಾಟಿಸುವ ಥರ್ಮಲ್ ಪ್ಯಾಡ್ ಮೇಲೆ ಸಂಶಯ. 1 ಮಿ.ಮೀ. ತೆಗೆದು 1.5 ಹಾಕಿದರೆ ಬ್ಲಾಕ್ ಡೈಗೆ (ಮುಖ್ಯ ಚಿಪ್ಪಿಗೆ) ಸರಿಯಾಗಿ ಕೂರದೆ ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿ ಜಾಗ) ಏರೀತೆಂಬ ಭಯ. ಪ್ಯಾಡಿನ ಬದಲು ಥರ್ಮಲ್ ಪುಟ್ಟಿ (ಕಣಕದಂಥ ಮೆತ್ತನೆಯ ಲೇಪ) ಬಳಸಿದವರಿದ್ದೀರಾ? ಕಾಸರಗೋಡು, ಮಂಗಳೂರಲ್ಲಿ ಎಲ್ಲಿ ಸಿಗುತ್ತದೆ?

ಇನ್ನೊಂದು, ಹೆಚ್ಚು ಪವರ್‌ನ ಬಯಾಸ್ (ಕಾರ್ಡಿನೊಳಗಿನ ನಿಯಂತ್ರಣ ಸಾಫ್ಟ್‌ವೇರ್). ಮೂರು 8-ಪಿನ್ ಕಾರ್ಡಿನದ್ದು ಇದಕ್ಕೆ ಬೇಡ, ಪವರ್ ಲೆಕ್ಕವೇ ತಪ್ಪುತ್ತದೆ. ಕನೆಕ್ಟರಿಗೆ ತಲಾ 150, ಮದರ್‌ಬೋರ್ಡ್ ಸ್ಲಾಟ್‌ನ 75 ಸೇರಿ 375 ವ್ಯಾಟ್‌ನೊಳಗೆ ನಿಲ್ಲುವ ಬಯಾಸ್ ಯಾವುದು?

ದಯವಿಟ್ಟು ಚಿಲ್ಲರ್ (ನೀರನ್ನು ಫ್ರಿಜ್ಜಿನಂತೆ ತಣಿಸುವ ಯಂತ್ರ) ಹೇಳಬೇಡಿ. ನಮ್ಮ ಮಳೆಗಾಲದಲ್ಲಿ ನೀರು 24 ಡಿಗ್ರಿಗಿಂತ ಕೆಳಗಿಳಿದರೆ ಬ್ಲಾಕ್ ಬೆವರಿ ಬೋರ್ಡಿಗೆ ಹನಿ ಬೀಳುತ್ತದೆ.