ತಮ್ಮ ಮೀನುಗಾರಿಕೆ ಬೋಟಿಗೆ ಹೋಗುತ್ತಾನಂತೆ, ಕಳಿಸಲಾ?

ತಮ್ಮನಿಗೆ 20 ವರ್ಷ. ಓದು ಅರ್ಧಕ್ಕೆ ನಿಂತಿದೆ. ಆಳಸಮುದ್ರದ ಬೋಟಿಗೆ ಹೋಗುತ್ತೇನೆ ಅಂತ ಹಠ ಹಿಡಿದಿದ್ದಾನೆ. ಕೆಲಸ ಸಿಗುತ್ತಾ? ಮುಂದೆ ದಾರಿ ಇದೆಯಾ? ಹೋಗಿ ಬಂದವರು ಹೇಳಿ.

ಹಳೆ ಖಲಾಸಿ:
ಅಕ್ಕಾ, ನಾನು ಬೋಟಿನಲ್ಲಿ 11 ವರ್ಷ ಇದ್ದೆ. ಕೆಲಸವೇನೋ ಸಿಗುತ್ತದೆ. ಜನ ಸಾಲದೆ ನಮ್ಮ ಬೋಟು ಎರಡು ಸಲ ತಡವಾಗಿ ಹೊರಟಿದೆ. ಆದರೆ ದುಡ್ಡು ಎಷ್ಟು ಅಂತ ಮಾತ್ರ ಕೇಳಬೇಡಿ. ಹೆಚ್ಚಿನ ಕಡೆ ಇರುವುದು ಸಂಬಳವಲ್ಲ, ಪಾಲು. ಮೀನು ಮಾರಿದ ದುಡ್ಡಿನಲ್ಲಿ ಮೊದಲು ಡೀಸೆಲ್, ಐಸ್, ಊಟದ ಖರ್ಚು ಕಳೆಯುತ್ತಾರೆ. ಉಳಿದದ್ದರಲ್ಲಿ ಮಾಲೀಕರ ಪಾಲು, ಬೋಟು ನಡೆಸುವ ತಾಂಡೇಲನ ಪಾಲು, ಆಮೇಲೆ ನಮ್ಮದು.

ಒಮ್ಮೆ 9 ದಿನ ಕಡಲಲ್ಲಿದ್ದು ದಕ್ಕೆಗೆ ಬಂದೆವು. ಬಲೆ ಎರಡು ಸಲ ಬಂಡೆಗೆ ಸಿಕ್ಕಿ ಹರಿದಿತ್ತು. ನಾನು ಮುಂಗಡ ಬೇರೆ ತಗೊಂಡಿದ್ದೆ. ಲೆಕ್ಕ ಮುಗಿದಾಗ ನಾನೇ ಸಾಲಗಾರ! ಮುಂದಿನ ಟ್ರಿಪ್ಪಿನಲ್ಲಿ ಎರಡು ತಿಂಗಳ ದುಡಿಮೆ ಒಂದೇ ಸಲ ಬಂತು. ಮೀನು ಮರಿ ಹಾಕುವ ಕಾಲಕ್ಕೆ ನಿಷೇಧ ಇರುವ ಕಡೆ ಆ ದಿನಗಳಿಗೂ ಮೊದಲೇ ತೆಗೆದಿಡಬೇಕು. ಇದು ಮನೆಯವರಿಗೆ ತಡೆಯುತ್ತಾ ನೋಡಿಕೊಳ್ಳಿ.

ಹೋಗುವುದೇ ಆದರೆ ಬಲೆ ಎಳೆಯುವುದರಲ್ಲೇ ನಿಲ್ಲಬಾರದು. ನಾನು ಮೂರನೇ ವರ್ಷದಿಂದ ಬಿಡುವಾದಾಗಲೆಲ್ಲ ಇಂಜಿನ್ ಕೋಣೆಗೆ ಇಳಿಯುತ್ತಿದ್ದೆ. ಮೊದಲು ಸುಮ್ನೆ ಟಾರ್ಚ್ ಹಿಡಿಯುವ ಕೆಲಸ. ಆಮೇಲೆ ಫಿಲ್ಟರ್ ಬದಲಿಸುವುದು, ಪಂಪ್ ಬಿಚ್ಚುವುದು. ಈಗ ದಡದಲ್ಲೇ ಬೋಟಿನ ಇಂಜಿನ್ ರಿಪೇರಿ ಮಾಡುತ್ತೇನೆ. ಸೊಂಟ ಉಳಿಯಿತು.

ಎರಡು ಬೆರಳು ಕಳೆದುಕೊಂಡವನು:
ಬಲೆ ಎಳೆಯುವ ಯಂತ್ರದ (ವಿಂಚ್) ಹಗ್ಗದ ಹತ್ತಿರ ಗ್ಲೌಸ್ ಸಿಕ್ಕಿಕೊಂಡಿತು, ಅಷ್ಟೇ. ನಿದ್ದೆಗೆಟ್ಟ ಎರಡನೇ ರಾತ್ರಿ ಅದು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2007ರಲ್ಲಿ ಮೀನುಗಾರರಿಗೆಂದೇ ಒಂದು ಒಪ್ಪಂದ ಮಾಡಿದೆ. 2017ರಿಂದ ಜಾರಿಯಲ್ಲಿದೆ. ಮೂರು ದಿನಕ್ಕಿಂತ ಜಾಸ್ತಿ ಕಡಲಲ್ಲಿರುವ ಬೋಟಿನಲ್ಲಿ ದಿನಕ್ಕೆ 10 ಗಂಟೆಯಾದರೂ ವಿಶ್ರಾಂತಿ ಕೊಡಬೇಕು, ಕೆಲಸದ ಕರಾರು ಬರವಣಿಗೆಯಲ್ಲಿರಬೇಕು ಅನ್ನುತ್ತದೆ. ಒಪ್ಪಿಕೊಂಡ ದೇಶಗಳಿಗೆ ಮಾತ್ರ ಅನ್ವಯ, ನಿಜ. ಆದರೂ ಪಾಲಿನ ಲೆಕ್ಕ ಕಾಗದದಲ್ಲಿ ಕೇಳಿ. ಮುಖ ಸಿಂಡರಿಸಿದರೆ ಬೇರೆ ಬೋಟು ನೋಡಿ.

ಪಂಜರ ಕೃಷಿಗೆ ಬಂದವನು:
ಕಡಲಲ್ಲಿ, ಹೊಳೆ-ಕೆರೆಗಳಲ್ಲಿ ಹಿಡಿಯುವ ಮೀನು 1980ರ ದಶಕದ ಕೊನೆಯಿಂದ ಜಗತ್ತಿನಾದ್ಯಂತ ವರ್ಷಕ್ಕೆ ಸುಮಾರು 9 ಕೋಟಿ ಟನ್ನಿನ ಆಸುಪಾಸಿನಲ್ಲೇ ಇದೆ. 2022ರಲ್ಲಿ ಸಾಕಿದ ಮೀನು, ಸಿಗಡಿಗಳ ತೂಕ ಮೊದಲ ಸಲ ಹಿಡಿದದ್ದನ್ನು ದಾಟಿತು. ಅಂದರೆ ಕೆಲಸ ಯಾವ ಕಡೆ ಬೆಳೆಯುತ್ತಿದೆ ಅಂತ ಗೊತ್ತಾಯಿತಲ್ವಾ? ನಾನೀಗ ಮಾಡುವುದು ಪಂಜರ ಕೃಷಿ, ಅಂದರೆ ನೀರಿನಲ್ಲಿ ಬಲೆಯ ಪಂಜರ ಇಟ್ಟು ಮೀನು ಸಾಕುವುದು. ಬೋಟು, ಬಲೆ ಗೊತ್ತಿದ್ದವರಿಗೆ ಇಲ್ಲೂ ಬೇಡಿಕೆ ಇದೆ. ದಿನಾ ಮೇವು ಹಾಕುವುದು ಬೇಜಾರು, ಆದರೆ ರಾತ್ರಿ ಮನೆಯಲ್ಲಿ ಮಲಗುತ್ತೇನೆ.

ಕೇಳಿದವಳು:
ಎಲ್ಲವನ್ನೂ ಅವನಿಗೆ ಓದಿ ಹೇಳಿದೆ. ಸಾಲದ ಕಥೆ ಕೇಳಿ ಸುಮ್ಮನಾದ. ಇಂಜಿನ್ ಅಂದಾಗ ಕಣ್ಣರಳಿಸಿದ. ಒಂದು ಮಾತು ಹೇಳಿರಲಿಲ್ಲ, ಅವನಿಗೆ ಈಜು ಬರುವುದಿಲ್ಲ.

ಹಳೆ ಖಲಾಸಿ:
ಅಯ್ಯೋ, ಮೊದಲು ಅದನ್ನು ಕಲಿಸಿ ಅಕ್ಕಾ. ಬೋಟು ಎಲ್ಲಿಗೂ ಓಡಿಹೋಗುವುದಿಲ್ಲ.